ರಾಗಿ ತಾಕಿನ ಲೆಕ್ಕ ಯಂತ್ರಕ್ಕೆ ಹೋದ ಕಥೆ

ನಮ್ಮ ವಾಚನಾಲಯದ ಪುಸ್ತಕಕ್ಕೆ ನಾನು ಯಾವಾಗಲೂ ಪದಗಳ ಬಗ್ಗೆ ಬರೆಯೋನು. ಬೀಸೋ ಪದ, ಸೋಬಾನೆ ಪದ, ಕಳೆ ಕೀಳುವಾಗಿನ ಪದ, ಇವೇ. ಈ ಸಲ ಬೇರೆ ಬರೀತೀನಿ ಅಂದಾಗ ಮೇಷ್ಟ್ರು "ಏನಣ್ಣ ವಿಷಯ?" ಅಂದರು. "ಕಂಪ್ಯೂಟರು" ಅಂದೆ. ಅವರು ನಕ್ಕುಬಿಟ್ಟರು. ನಗೋದೇ ಸರಿ. ನಾನು ಓದಿರೋದು ಏಳನೇ ಕ್ಲಾಸು, ಆಮೇಲೆ ನೇಗಿಲು ಹಿಡಿದವನು. ಆದರೆ ನಮ್ಮ ಹೊಲದ ರಾಗಿಯ ತೂಕ ಒಂದು ಸಲ ಕಂಪ್ಯೂಟರಿನ ಹೊಟ್ಟೆಗೆ ಹೋಗಿ ಬಂತು. ಹೋಗಿ ಬಂದಿದ್ದಲ್ಲದೆ ನಾನು ರಾತ್ರಿ ಹೊತ್ತು ಮಾಡಿದ ಒಂದು ಕಳ್ಳತನವನ್ನೂ ಹಿಡಿದುಕೊಟ್ಟಿತು. ಆ ಕಥೆಯನ್ನು ಇಷ್ಟು ದಿನ ಯಾರಿಗೂ ಹೇಳಿರಲಿಲ್ಲ. ಈಗ ಹೇಳ್ತೀನಿ. ಜೊತೆಗೆ ಆ ಯಂತ್ರ ಆ ಲೆಕ್ಕ ಎಲ್ಲಿಂದ ಕಲಿತುಕೊಂಡು ಬಂತು ಅನ್ನೋ ಚರಿತ್ರೆಯನ್ನೂ, ನಾನು ಕೇಳಿ ಓದಿ ತಿಳಿದಷ್ಟು, ಬರೀತೀನಿ.

ಸುಮಾರು ಮೂವತ್ತು ವರ್ಷದ ಹಿಂದಿನ ಮಾತು. ಆಗ ನಮ್ಮ ಹೊಸೂರು ಕಡೆ ಇನ್ನೂ ಧರ್ಮಪುರಿ ಜಿಲ್ಲೆ. ಕೃಷ್ಣಗಿರಿ ಜಿಲ್ಲೆ ಆಗಿದ್ದು 2004ರಲ್ಲಿ. ಒಬ್ಬ ಓದುವ ಹುಡುಗ ಬಂದ. ರಾಗಿ ಮೇಲೆ ಪರೀಕ್ಷೆ ಮಾಡಬೇಕು, ರೈತರ ಹೊಲದಲ್ಲೇ ಮಾಡಬೇಕು, ಸ್ವಲ್ಪ ಜಾಗ ಕೊಡಿ ಅಂದ. ನಾನು ಮೇಲಿನ ಹೊಲದಲ್ಲಿ ಇಪ್ಪತ್ತು ಸೆಂಟು ಬಿಟ್ಟುಕೊಟ್ಟೆ. ಮೂರು ಥರದ ಬೀಜ. ಎರಡು ಹೊಸ ತಳಿ, ಇನ್ನೊಂದು ನಮ್ಮವ್ವ ಮಡಕೆಯಲ್ಲಿ ಬೂದಿ ಹಾಕಿ ಇಟ್ಟುಕೊಂಡು ಬಂದಿದ್ದ ನಾಡ ರಾಗಿ.

ಅವನು ಹೊಲ ಅಳೆದ ರೀತಿ ನೋಡಿ ನನಗೆ ಸಿಟ್ಟು ಬಂತು. ನನ್ನ ಮಾತು ಏನಂದರೆ, ಮೂರು ಬೀಜ ಇದೆ, ಹೊಲ ಮೂರು ಭಾಗ ಮಾಡಿ ಬಿತ್ತು, ಯಾವುದು ಜಾಸ್ತಿ ಬೆಳೆಯುತ್ತೋ ಅದು ಗೆದ್ದಿತು. ಅವನು ಹಾಗೆ ಮಾಡಲಿಲ್ಲ. ಇಳಿಜಾರಿಗೆ ಅಡ್ಡಲಾಗಿ ನಾಲ್ಕು ಪಟ್ಟಿ ಮಾಡಿದ. ಒಂದೊಂದು ಪಟ್ಟಿಯಲ್ಲಿ ಮೂರು ತಾಕು. ಒಟ್ಟು ಹನ್ನೆರಡು ತಾಕು. ಪ್ರತಿ ಪಟ್ಟಿಗೂ ಬೇರೆ ಬೇರೆಯಾಗಿ ಚೀಟಿ ಎತ್ತಿಸಿದ. ನಮ್ಮ ಚಿಕ್ಕ ಮಗಳ ಕೈಲಿ ಎತ್ತಿಸಿದ್ದು. ಯಾವ ಚೀಟಿ ಬಂತೋ ಆ ತಾಕಿಗೆ ಆ ಬೀಜ. "ಇದೇನು ಸಾರ್, ಜೂಜಾಟವಾ?" ಅಂತ ಕೇಳಿದೆ. "ಹೌದಣ್ಣ, ಜೂಜೇ. ಇಲ್ಲದಿದ್ದರೆ ನೀವೋ ನಾನೋ ಒಳ್ಳೆ ಮಣ್ಣನ್ನು ನಮಗೆ ಇಷ್ಟವಾದ ಬೀಜಕ್ಕೆ ಕೊಟ್ಟುಬಿಡ್ತೀವಿ. ಚೀಟಿಗೆ ಯಾರ ಮೇಲೂ ಪ್ರೀತಿ ಇಲ್ಲ" ಅಂದ.

ಈ ಚೀಟಿ ಎತ್ತುವ ಬುದ್ಧಿ ಎಲ್ಲಿಂದ ಬಂತು ಅಂತ ಆಮೇಲೆ ಅವನೇ ಹೇಳಿದ. ಇಂಗ್ಲೆಂಡಿನಲ್ಲಿ ರಾಥಮ್‌ಸ್ಟೆಡ್ ಅಂತ ಒಂದು ಊರಿನ ಫಾರಂ ಇದೆ. ಅಲ್ಲಿ 1843ರಿಂದ ಜಾನ್ ಲಾಸ್ ಮತ್ತು ಜೋಸೆಫ್ ಹೆನ್ರಿ ಗಿಲ್ಬರ್ಟ್ ಅನ್ನೋ ಇಬ್ಬರು ಗೊಬ್ಬರದ ಪರೀಕ್ಷೆ ಶುರು ಮಾಡಿದರು. ಬ್ರಾಡ್‌ಬಾಕ್ ಅನ್ನೋ ಹೊಲದಲ್ಲಿ ವರ್ಷ ವರ್ಷ ಗೋಧಿ ಬಿತ್ತಿ, ಒಂದು ತುಂಡಿಗೆ ಕೊಟ್ಟಿಗೆ ಗೊಬ್ಬರ, ಒಂದಕ್ಕೆ ಸೀಮೆ ಗೊಬ್ಬರ, ಒಂದಕ್ಕೆ ಏನೂ ಇಲ್ಲ, ಹೀಗೆ ಹಾಕಿ ತೂಕ ಬರೆದಿಟ್ಟರು. ಎಪ್ಪತ್ತು ಎಂಬತ್ತು ವರ್ಷದ ತೂಕದ ಪುಸ್ತಕ ಗುಡ್ಡೆ ಬಿದ್ದವು. ಇವುಗಳಿಂದ ಏನಾದರೂ ಗೊತ್ತಾಗುತ್ತಾ ನೋಡು ಅಂತ 1919ರಲ್ಲಿ ರೊನಾಲ್ಡ್ ಫಿಶರ್ ಎಂಬ ಗಣಿತ ಬಲ್ಲವರನ್ನು ಕರೆಸಿಕೊಂಡರು.

ಫಿಶರ್ ಅವರು ಕಂಡುಕೊಂಡ ಸಂಗತಿಯನ್ನು ನಮ್ಮ ಭಾಷೆಯಲ್ಲಿ ಹೇಳಬೇಕಾದರೆ ಹೀಗೆ. ಒಂದೇ ಬೀಜವನ್ನು ಒಂದೇ ಹೊಲದಲ್ಲಿ ನಾಲ್ಕು ಕಡೆ ಬಿತ್ತಿದರೂ ನಾಲ್ಕು ಕಡೆ ಒಂದೇ ತೂಕ ಬರೋದಿಲ್ಲ. ಒಂದು ಕಡೆ ಕಲ್ಲು, ಒಂದು ಕಡೆ ಹೊಂಗೆ ನೆರಳು, ಒಂದು ಕಡೆ ಹೋದ ವರ್ಷ ಕುರಿ ಮಂದೆ ತಂಗಿದ್ದ ಜಾಗ. ಇದು ನಮಗೆಲ್ಲ ಗೊತ್ತಿರೋದೇ. ಹಾಗಾದರೆ ಎರಡು ಬೀಜದ ನಡುವೆ ವ್ಯತ್ಯಾಸ ಕಂಡರೆ ಅದು ಬೀಜದ್ದೋ ಮಣ್ಣಿನದೋ? ಇದನ್ನು ಬೇರೆ ಮಾಡೋದಕ್ಕೆ ಅವರು ಮೂರು ಕಟ್ಟಳೆ ಹಾಕಿದರು. ಒಂದೇ ಬೀಜವನ್ನು ಹಲವು ಕಡೆ ಬಿತ್ತಬೇಕು. ಮಣ್ಣು ಹತ್ತಿರ ಹತ್ತಿರ ಒಂದೇ ಥರ ಇರೋ ತಾಕುಗಳನ್ನು ಒಂದು ಪಟ್ಟಿಗೆ ಸೇರಿಸಬೇಕು. ಪಟ್ಟಿಯೊಳಗೆ ಯಾವ ಬೀಜ ಎಲ್ಲಿ ಅನ್ನೋದನ್ನು ಚೀಟಿ ಎತ್ತಿ ತೀರ್ಮಾನ ಮಾಡಬೇಕು. ಇವನ್ನೆಲ್ಲ 1925ರಲ್ಲಿ ಒಂದು ಪುಸ್ತಕ, 1935ರಲ್ಲಿ ಇನ್ನೊಂದು ಪುಸ್ತಕ ಬರೆದು ಜಗತ್ತಿಗೆ ಕೊಟ್ಟರು.

ಕಟ್ಟಳೆ ಸುಲಭ, ಲೆಕ್ಕ ಕಷ್ಟ. ಪ್ರತಿ ತಾಕಿನ ತೂಕವನ್ನು ಅದರಿಂದಲೇ ಗುಣಿಸಿ ಕೂಡಬೇಕು, ಪಟ್ಟಿಯ ಮೊತ್ತ ತೆಗೀಬೇಕು, ಬೀಜದ ಮೊತ್ತ ತೆಗೀಬೇಕು, ಒಂದರಿಂದ ಒಂದು ಕಳೀಬೇಕು. ಫಿಶರ್ ಅವರ ಹತ್ತಿರ ಮಿಲಿಯನೇರ್ ಅಂತ ಹೆಸರಿನ ಒಂದು ಯಂತ್ರ ಇತ್ತು, ಹಿಡಿ ತಿರುಗಿಸಿ ಗುಣಾಕಾರ ಮಾಡೋದು. ಆ ಕಾಲದಲ್ಲಿ 'ಕಂಪ್ಯೂಟರ್' ಅಂದರೆ ಯಂತ್ರ ಅಲ್ಲ, ಲೆಕ್ಕ ಮಾಡುವ ಮನುಷ್ಯರು. ಬಹಳ ಮಂದಿ ಹೆಣ್ಣುಮಕ್ಕಳು. ನಮ್ಮ ಕಡೆ ಕಳೆ ಕಿತ್ತವರ ಹೆಸರು ಹೇಗೆ ಯಾವ ಪಟ್ಟಿಯಲ್ಲೂ ಬರೋದಿಲ್ಲವೋ ಹಾಗೇ ಆ ಹೆಣ್ಣುಮಕ್ಕಳಲ್ಲಿ ಎಷ್ಟೋ ಜನರ ಹೆಸರು ಪುಸ್ತಕದಲ್ಲಿ ಬಂದಿಲ್ಲ.

ಫಿಶರ್ 1933ರಲ್ಲಿ ಅಲ್ಲಿಂದ ಹೋದ ಮೇಲೆ ಫ್ರಾಂಕ್ ಯೇಟ್ಸ್ ಅವರು ಆ ವಿಭಾಗಕ್ಕೆ ಯಜಮಾನರಾದರು. ಊರೂರಿನ ಪರೀಕ್ಷೆಗಳ ತೂಕ ಅವರ ಮೇಜಿಗೆ ಬಂದು ಬೀಳ್ತಾ ಇತ್ತು. ಹಿಡಿ ತಿರುಗಿಸಿ ಮುಗಿಯೋ ಕೆಲಸ ಅಲ್ಲ. 1954ರಲ್ಲಿ ಅವರಿಗೆ ಎಲಿಯಟ್ 401 ಎಂಬ ಎಲೆಕ್ಟ್ರಾನಿಕ್ ಕಂಪ್ಯೂಟರ್ ಸಿಕ್ಕಿತು. ಹಳೇ ರೇಡಿಯೋದಲ್ಲಿ ಕೆಂಪಗೆ ಉರಿಯೋ ವಾಲ್ವು ಇತ್ತಲ್ಲ, ಅಂಥವು ತುಂಬಿದ ದೊಡ್ಡ ದೊಡ್ಡ ಬೀರುಗಳ ಸಾಲು. ಟೀವಿ ಥರದ ಪರದೆ ಇಲ್ಲ. ಕಾಗದದ ಪಟ್ಟಿಯಲ್ಲಿ ತೂತು ಹೊಡೆದು ಅಂಕಿ ಉಣಿಸಬೇಕು. ಕೃಷಿ ಪರೀಕ್ಷೆಯ ಕೆಲಸಕ್ಕೇ ಅಂತ ಇಟ್ಟುಕೊಂಡ ಮೊದಮೊದಲ ಕಂಪ್ಯೂಟರುಗಳಲ್ಲಿ ಅದೊಂದು. 1965ರ ತನಕ ಅದು ದುಡಿಯಿತು.

ಯಂತ್ರ ತಂದು ಇಟ್ಟರೆ ಸಾಲದು, ಅದಕ್ಕೆ ಹೇಳಿಕೊಡಬೇಕು. ಹೇಳಿಕೊಡೋದಕ್ಕೇ ಪ್ರೋಗ್ರಾಂ ಅನ್ನೋದು. ಪ್ರೋಗ್ರಾಂ ಅಂದರೆ ಏನು ಅಂತ ನಾನು ಆ ಹುಡುಗನನ್ನು ಕೇಳಿದಾಗ ಅವನು ಒದ್ದಾಡಿದ. ನಾನೇ ಹೇಳಿದೆ. ನಮ್ಮ ಪದದಲ್ಲಿ ಸೊಲ್ಲು ಇರುತ್ತೆ. ಮುಂದೆ ಹಾಡೋನು ಮದುಮಗಳ ಹೆಸರು, ಊರ ಹೆಸರು, ಒಡವೆ ಹೆಸರು ಬದಲಾಯಿಸ್ತಾ ಹೋಗ್ತಾನೆ. ಹಿಂದೆ ಹಾಡೋರು ಅದೇ ಸೊಲ್ಲು ಎತ್ತುತಾರೆ. ಹೆಸರು ಯಾವುದಾದರೂ ಸೊಲ್ಲು ಬದಲಾಗೋದಿಲ್ಲ. ಹಾಗೇ ತೂಕ ಬೇರೆ ಬೇರೆ, ಕೂಡುವ ಕಳೆಯುವ ಕ್ರಮ ಒಂದೇ. ಆ ಕ್ರಮವನ್ನು ಒಂದು ಸಲ ಬರೆದಿಟ್ಟರೆ ಯಾವ ಊರಿನ ತೂಕ ಬಂದರೂ ಯಂತ್ರ ಅದೇ ಸೊಲ್ಲು ಹಾಡುತ್ತೆ. "ಸರಿಯಾಗಿ ಹೇಳಿದಿರಿ ಅಣ್ಣ" ಅಂದ.

ಯೇಟ್ಸ್ ಅವರ ಜೊತೆ ಮೈಕೆಲ್ ಹೀಲಿ, ಲಿಪ್ಟನ್ ಮುಂತಾದವರು ಸೇರಿ ಪರೀಕ್ಷೆಯ ತಾಕುಗಳ ಲೆಕ್ಕಕ್ಕೆ ಪ್ರೋಗ್ರಾಂ ಬರೆದರು. 1957ರಲ್ಲಿ ಆ ಮೂವರೂ ಸೇರಿ ಅದರ ವಿವರ ಅಚ್ಚು ಹಾಕಿಸಿದರು. ಆದರೆ ಒಂದು ತೊಂದರೆ ಇತ್ತು. ಒಂದು ಥರದ ತಾಕಿಗೆ ಒಂದು ಪ್ರೋಗ್ರಾಂ. ತಾಕಿನ ಕಟ್ಟು ಬದಲಾದರೆ ಬೇರೆ ಪ್ರೋಗ್ರಾಂ. ಸೋಬಾನೆಗೆ ಒಂದು ಸೊಲ್ಲು, ಕೋಲಾಟಕ್ಕೆ ಒಂದು ಸೊಲ್ಲು ಇದ್ದ ಹಾಗೆ. 1968ರಲ್ಲಿ ಯೇಟ್ಸ್ ಅವರ ಜಾಗಕ್ಕೆ ಬಂದ ಜಾನ್ ನೆಲ್ಡರ್ ಇದನ್ನು ಬಿಡಿಸಿದರು. ಅದಕ್ಕೆ ಮುಂಚೆ ಅವರು ಆಸ್ಟ್ರೇಲಿಯಾದ ಅಡಿಲೇಡಿನಲ್ಲಿ ಗ್ರಹಾಂ ವಿಲ್ಕಿನ್ಸನ್ ಅವರ ಜೊತೆ ಕೂತು ಯೋಚನೆ ಮಾಡಿದ್ದರು. ಪಟ್ಟಿ ಎಷ್ಟು, ತಾಕು ಎಷ್ಟು, ಬೀಜ ಯಾವುದು ಅಂತ ಇಷ್ಟೇ ನಾವು ಹೇಳಬೇಕು, ಹೇಗೆ ಕೂಡಬೇಕು ಅನ್ನೋದನ್ನು ಯಂತ್ರವೇ ತೀರ್ಮಾನ ಮಾಡಿಕೊಳ್ಳಬೇಕು, ಇದು ಅವರ ಯೋಚನೆ. ಆ ಪ್ರೋಗ್ರಾಮಿನ ಹೆಸರು ಜೆನ್‌ಸ್ಟಾಟ್. ಅದೇ ಹೊತ್ತಿಗೆ, 1966ರ ಸುಮಾರಿಗೆ, ಅಮೆರಿಕಾದ ನಾರ್ತ್ ಕೆರೊಲಿನಾದಲ್ಲಿ ಆಂಥೊನಿ ಬಾರ್, ಜೇಮ್ಸ್ ಗುಡ್‌ನೈಟ್ ಮುಂತಾದವರ ಕೈಯಲ್ಲಿ ಸ್ಯಾಸ್ ಅನ್ನೋದು ಹುಟ್ಟಿಕೊಂಡಿತು. ಅದೂ ಹೊಲದ ಪರೀಕ್ಷೆಯ ಲೆಕ್ಕಕ್ಕೇ ಮೊದಲು ದುಡಿದದ್ದು. ಇವತ್ತು ಬ್ಯಾಂಕಿನವರೂ ಔಷಧಿ ಕಂಪನಿಯವರೂ ಅದನ್ನು ಬಳಸ್ತಾರಂತೆ. ಆದರೆ ಬೇರು ಇರೋದು ಮಣ್ಣಲ್ಲಿ.

ನಮ್ಮ ದೇಶವೇನೂ ಹಿಂದೆ ಕೂತಿರಲಿಲ್ಲ. ಕಲ್ಕತ್ತಾದಲ್ಲಿ ಪಿ.ಸಿ. ಮಹಾಲನೋಬಿಸ್ ಅವರು 1931ರಲ್ಲಿ ಭಾರತೀಯ ಸಂಖ್ಯಾಶಾಸ್ತ್ರ ಸಂಸ್ಥೆ ಕಟ್ಟಿದರು. ಫಿಶರ್ ಅವರೇ 1938ರಲ್ಲಿ ಅಲ್ಲಿಗೆ ಬಂದು ಸಮ್ಮೇಳನದ ಅಧ್ಯಕ್ಷರಾಗಿದ್ದರು. ಇಂಡಿಯಾದ ಮೊದಲ ಎಲೆಕ್ಟ್ರಾನಿಕ್ ಕಂಪ್ಯೂಟರು ಬಂದಿದ್ದೂ ಅದೇ ಸಂಸ್ಥೆಗೆ, 1955ರ ಸುಮಾರಿಗೆ, ಇಂಗ್ಲೆಂಡಿನಿಂದ. ಹೆಚ್‌ಇಸಿ-2ಎಂ ಅಂತ ಹೆಸರು. ಆ ಸಂಸ್ಥೆಯಲ್ಲಿ ಬೆಳೆದು ಲೋಕಪ್ರಸಿದ್ಧರಾದ ಸಿ.ಆರ್. ರಾವ್ ಅವರು ಹುಟ್ಟಿದ್ದು 1920ರಲ್ಲಿ ನಮ್ಮ ಬಳ್ಳಾರಿ ಸೀಮೆಯ ಹೂವಿನ ಹಡಗಲಿಯಲ್ಲಿ. ಕೇಂಬ್ರಿಡ್ಜಿನಲ್ಲಿ ಅವರಿಗೆ ಗುರು ಇದೇ ಫಿಶರ್. ನೂರಾ ಎರಡು ವರ್ಷ ಬದುಕಿ 2023ರಲ್ಲಿ ತೀರಿಕೊಂಡರು. ಶಾಲೆಯ ಮೇಷ್ಟ್ರುಗಳು ಮಕ್ಕಳಿಗೆ ಈ ಹೆಸರು ಹೇಳಬೇಕು ಅಂತ ನನ್ನ ಆಸೆ.

ಹೊಲದ ಲೆಕ್ಕಕ್ಕೆ ದೆಹಲಿಯಲ್ಲಿ ಬೇರೆ ಮನೆ ಇತ್ತು. ಪಿ.ವಿ. ಸುಖಾತ್ಮೆ ಮತ್ತು ವಿ.ಜಿ. ಪಾನ್ಸೆ ಅವರು ಬರೆದ ಪುಸ್ತಕ 1954ರಲ್ಲಿ ಬಂತು. ಕೃಷಿ ಓದುವ ಮಕ್ಕಳಿಗೆಲ್ಲ ಅದು ಪಂಚಾಂಗ ಇದ್ದ ಹಾಗೆ. ಅಲ್ಲಿಯ ಕೃಷಿ ಸಂಖ್ಯಾಶಾಸ್ತ್ರ ಸಂಸ್ಥೆಗೆ 1964ರಲ್ಲಿ ಐಬಿಎಂ 1620 ಅನ್ನೋ ಕಂಪ್ಯೂಟರ್ ಬಂತು. ರಟ್ಟಿನ ಕಾರ್ಡಿನಲ್ಲಿ ತೂತು ಹೊಡೆದು ಕೊಡೋದು. 1977ರಲ್ಲಿ ಅದಕ್ಕಿಂತ ದೊಡ್ಡದು, ಬರೋಸ್ ಬಿ-4700 ಬಂತು. ಆ ಸಂಸ್ಥೆಯವರೇ ಮುಂದೆ ನಮ್ಮ ದೇಶದ ಪರೀಕ್ಷೆಗಳಿಗೆ ಅಂತ ಸ್ಪಾರ್ ಅನ್ನೋ ಪ್ರೋಗ್ರಾಂ ಕಟ್ಟಿದರು. ಬೆಂಗಳೂರಿನ ಕೃಷಿ ವಿಶ್ವವಿದ್ಯಾಲಯ ಶುರುವಾದದ್ದೂ ಅದೇ 1964ರಲ್ಲಿ. ಮಂಡ್ಯದ ವಿ.ಸಿ. ಫಾರಂನಲ್ಲಿ ಲಕ್ಷ್ಮಣಯ್ಯನವರು ನಮ್ಮ ರಾಗಿಗೆ ಆಫ್ರಿಕಾದ ರಾಗಿ ಕೂಡಿಸಿ ಇಂಡಾಫ್ ತಳಿ ತೆಗೆದರಲ್ಲ, ನಮ್ಮ ಬಾಗಲೂರು ಬೇರಿಕೆ ಕಡೆ ಹಿರಿಯರು ಇವತ್ತೂ ಆ ಹೆಸರು ಹೇಳ್ತಾರೆ. ಅಂಥ ತಳಿ ಊರಿಗೆ ಬರಬೇಕಾದರೆ ಹಿಂದೆ ಹೀಗೆ ತಾಕು ತಾಕಿನ ತೂಕ, ಆ ತೂಕದ ಲೆಕ್ಕ ಇರುತ್ತೆ. ಈ ಕಡೆ ಕಾವೇರಿಪಟ್ಟಣದ ಹತ್ತಿರ ಪೈಯೂರಿನ ಸಂಶೋಧನಾ ಕೇಂದ್ರದಲ್ಲೂ ಅದೇ ಕೆಲಸ.

ಈಗ ನನ್ನ ಕಳ್ಳತನಕ್ಕೆ ಬರ್ತೀನಿ.

ಪೈರು ಮೊಣಕಾಲುದ್ದ ಬಂದಾಗ ನೋಡಿದೆ. ಹೊಸ ತಳಿ ಎರಡೂ ಕರ್ರಗೆ ಹಸಿರಾಗಿ ನಿಂತಿವೆ. ನಮ್ಮವ್ವನ ರಾಗಿ ತೆಳ್ಳಗೆ. ಆ ವರ್ಷವೇ ಅವ್ವ ತೀರಿಕೊಂಡಿದ್ದಳು. ಊರಿನವರೆಲ್ಲ ಬಂದು ನೋಡೋ ಹೊಲ. ಅವ್ವನ ಬೀಜ ಸೋಲೋದನ್ನು ನಾನು ಹೇಗೆ ನೋಡಲಿ? ಒಂದು ರಾತ್ರಿ ಎರಡು ಮಂಕರಿ ಕೊಟ್ಟಿಗೆ ಗೊಬ್ಬರ, ಒಂದು ಬೋಗುಣಿ ಯೂರಿಯಾ ಹೊತ್ತುಕೊಂಡು ಹೋಗಿ ಮೂರನೇ ಪಟ್ಟಿಯ ನಾಡ ರಾಗಿ ತಾಕಿಗೆ ಹಾಕಿಬಿಟ್ಟೆ. ನಾಲ್ಕಕ್ಕೂ ಹಾಕೋಣ ಅಂತಿದ್ದೆ, ನಾಯಿ ಬೊಗಳಿತು, ವಾಪಸು ಬಂದೆ. ಮಾರನೇ ವಾರ ಮಳೆ ಬಂತು. ಆ ತಾಕು ಎದ್ದು ನಿಂತಿತು.

ಕೊಯ್ಲಾಯಿತು. ಹುಡುಗ ತಾಕು ತಾಕು ಬೇರೆ ಬಡಿಸಿ ತೂಗಿಕೊಂಡು ಹೋದ. ಎರಡು ತಿಂಗಳಾದ ಮೇಲೆ ಅಂಚಿನಲ್ಲಿ ಸಾಲು ತೂತು ಇರೋ ಉದ್ದನೆ ಕಾಗದ ಮಡಚಿಕೊಂಡು ಬಂದ. ನಿಜವಾದ ತೂಕ ನನಗೆ ಈಗ ನೆನಪಿಲ್ಲ. ತಿಳಿಯೋದಕ್ಕೆ ಸುಲಭವಾಗಲಿ ಅಂತ ಸಣ್ಣ ಅಂಕಿ ಹಾಕಿ ಬರೀತೀನಿ. ಕಿಲೋ ಲೆಕ್ಕ ಅಂತ ಇಟ್ಟುಕೊಳ್ಳಿ.

ಒಂದನೇ ಪಟ್ಟಿ: ನಾಡ ರಾಗಿ 10, ಹೊಸದು ಒಂದು 12, ಹೊಸದು ಎರಡು 14.
ಎರಡನೇ ಪಟ್ಟಿ: 12, 14, 16.
ಮೂರನೇ ಪಟ್ಟಿ: 14, 11, 13.
ನಾಲ್ಕನೇ ಪಟ್ಟಿ: 11, 13, 15.

ಮೂರನೇ ಪಟ್ಟಿ ನೋಡಿ. ಬೇರೆ ಮೂರೂ ಪಟ್ಟಿಯಲ್ಲಿ ನಾಡ ರಾಗಿ ಮೊದಲನೇ ಹೊಸ ತಳಿಗಿಂತ 2 ಕಿಲೋ ಕಡಿಮೆ. ಇಲ್ಲಿ ಮಾತ್ರ 3 ಕಿಲೋ ಜಾಸ್ತಿ. ಆ ಮೂರನೇ ಪಟ್ಟಿ ಮಣ್ಣು ಎಲ್ಲಕ್ಕಿಂತ ಬಡವು, ಉಳಿದ ಎರಡು ಬೀಜವೂ ಅಲ್ಲೇ ಕಡಿಮೆ ಬೆಳೆದಿವೆ. ಹುಡುಗ ಕಾಗದದ ಮೇಲೆ ಬೆರಳಿಟ್ಟು, "ಅಣ್ಣಾ, ಹನ್ನೊಂದು ತಾಕು ಒಂದು ಮಾತು ಹೇಳ್ತವೆ. ಈ ಒಂದು ತಾಕು ಬೇರೆ ಮಾತು ಹೇಳ್ತದೆ. ಇಲ್ಲೇನಾಯಿತು?" ಅಂದ. ಗದರಲಿಲ್ಲ, ಅನುಮಾನದಿಂದ ನೋಡಲೂ ಇಲ್ಲ. ಹಾಗೆ ನೋಡಿದ್ದರೆ ನಾನು ಸುಳ್ಳು ಹೇಳ್ತಿದ್ದೆನೋ ಏನೋ. ಅವನ ಮುಖ ನೋಡಿ ನಿಜ ಹೇಳಿಬಿಟ್ಟೆ. ಅವನ ಓದೆಲ್ಲ ಹಾಳು ಮಾಡಿದೆ ಅಂತ ಹೆದರಿಕೆ ಆಯಿತು.

ಅವನು ಸ್ವಲ್ಪ ಹೊತ್ತು ಸುಮ್ಮನಿದ್ದ. ಆಮೇಲೆ ಆ 14ರ ಮೇಲೆ ಗೆರೆ ಎಳೆದ. "ಈ ತಾಕು ಇಲ್ಲ ಅಂದುಕೊಳ್ಳೋಣ. ದನ ಮೇಯ್ದು ಹೋಯಿತು ಅಂತ ಇಟ್ಟುಕೊಳ್ಳಿ. ಇಂಥದ್ದಕ್ಕೆ ಯೇಟ್ಸ್ ಅವರು 1933ರಲ್ಲೇ ದಾರಿ ಹೇಳಿದ್ದಾರೆ" ಅಂದ. ಆ ದಾರಿ ಏಳನೇ ಕ್ಲಾಸಿನ ಲೆಕ್ಕಕ್ಕೆ ನಿಲುಕುವಂಥದ್ದೇ. ನೀವೂ ಮಾಡಿ ನೋಡಿ.

ಹೋದ ತಾಕು ಬಿಟ್ಟು ನಾಡ ರಾಗಿಯ ಮೊತ್ತ 10, 12, 11 ಸೇರಿ 33. ಬೀಜ ಮೂರು ಇರೋದರಿಂದ ಮೂರರಿಂದ ಗುಣಿಸಿ, 99. ಮೂರನೇ ಪಟ್ಟಿಯಲ್ಲಿ ಉಳಿದದ್ದು 11, 13 ಸೇರಿ 24. ಪಟ್ಟಿ ನಾಲ್ಕು ಇರೋದರಿಂದ ನಾಲ್ಕರಿಂದ ಗುಣಿಸಿ, 96. ಎರಡೂ ಕೂಡಿದರೆ 195. ಅದರಲ್ಲಿ ಹನ್ನೊಂದು ತಾಕಿನ ಒಟ್ಟು ಮೊತ್ತ 141 ಕಳೀರಿ. 54. ಈಗ ಬೀಜದಲ್ಲಿ ಒಂದು ಕಳೆದರೆ 2, ಪಟ್ಟಿಯಲ್ಲಿ ಒಂದು ಕಳೆದರೆ 3, ಗುಣಿಸಿದರೆ 6. 54ನ್ನು 6ರಿಂದ ಭಾಗಿಸಿ. 9 ಬಂತು. ನಾನು ಕೈ ಹಾಕದಿದ್ದರೆ ಆ ತಾಕು ಸುಮಾರು 9 ಕಿಲೋ ಕೊಡ್ತಿತ್ತು ಅಂತ ಉಳಿದ ಹನ್ನೊಂದು ತಾಕು ಸಾಕ್ಷಿ ಹೇಳ್ತವೆ. ಮೊದಲನೇ ಹೊಸ ತಳಿಗಿಂತ 2 ಕಡಿಮೆ, ಮಿಕ್ಕ ಪಟ್ಟಿಗಳ ಹಾಗೇ.

ನಾನು ಹಾಕಿದ ಗೊಬ್ಬರ ಸೇರಿಸಿದರೆ ನಾಡ ರಾಗಿಯ ಸರಾಸರಿ 11.75, ಮೊದಲನೇ ಹೊಸದರ ಸರಾಸರಿ 12.5. ವ್ಯತ್ಯಾಸ ಮುಕ್ಕಾಲು ಕಿಲೋ, ಹೆಚ್ಚುಕಮ್ಮಿ ಒಂದೇ ಅನ್ನಬೇಕು. ಸರಿ ಮಾಡಿದ ಮೇಲೆ ನಾಡ ರಾಗಿ 10.5, ವ್ಯತ್ಯಾಸ ಎರಡು ಕಿಲೋ. ನನ್ನ ಎರಡು ಮಂಕರಿ ಗೊಬ್ಬರದಿಂದ ಒಂದು ಊರಿಗೆ ಸುಳ್ಳು ಹೋಗ್ತಿತ್ತು. ನನ್ನ ಮಾತು ನಂಬಿ ಯಾರೋ ಬಡವ ಬೀಜ ಆರಿಸಿಕೊಂಡಿದ್ದರೆ ಅವನ ಪಾಲಿನ ರಾಗಿ ನಾನು ಕದ್ದ ಹಾಗೆ ಅಲ್ಲವಾ?

ಹುಡುಗ ಇನ್ನೊಂದು ಮಾತು ಹೇಳಿದ್ದ, ಅದನ್ನು ಮರೆತಿಲ್ಲ. ಈ 9 ಹೊಸ ಸಾಕ್ಷಿ ಅಲ್ಲವಂತೆ. ಹನ್ನೆರಡು ಸಾಕ್ಷಿಯಲ್ಲಿ ಒಬ್ಬ ಹೋದ ಮೇಲೆ ಉಳಿದದ್ದು ಹನ್ನೊಂದೇ. ಲೆಕ್ಕದಲ್ಲಿ ಎಷ್ಟು ಜಾಣತನ ಇದ್ದರೂ ಹೋದದ್ದು ತಿರುಗಿ ಬರೋದಿಲ್ಲ, ಉಳಿದವರಿಗೆ ಅನ್ಯಾಯ ಆಗದ ಹಾಗೆ ನೋಡಿಕೊಳ್ಳಬಹುದು ಅಷ್ಟೇ. ಈ ಎಣಿಕೆಯನ್ನೂ ಪ್ರೋಗ್ರಾಮಿನೊಳಗೇ ಸೇರಿಸಿಬಿಟ್ಟಿದ್ದಾರಂತೆ. ತಾಕಿನ ಜಾಗ ಖಾಲಿ ಬಿಟ್ಟರೆ ಅದೇ ಲೆಕ್ಕ ಹಾಕಿಕೊಳ್ಳುತ್ತೆ.

ಹಾಗಾದರೆ ಅವ್ವನ ಬೀಜ ಸೋತಿತಾ? ಕಾಳಿನಲ್ಲಿ ಸೋತಿತು. ಆದರೆ ಅವನು ಹುಲ್ಲನ್ನೂ ತೂಗಿದ್ದ. ನಾನು ಕೇಳಿದ್ದಕ್ಕೇ ತೂಗಿದ್ದು. "ಸಾರ್, ನಮಗೆ ಎತ್ತು ಇದೆ, ಎಮ್ಮೆ ಇದೆ, ಹುಲ್ಲು ಲೆಕ್ಕಕ್ಕಿಲ್ಲವಾ?" ಅಂದಿದ್ದೆ. ಹುಲ್ಲಿನಲ್ಲಿ ನಾಡ ರಾಗಿಯೇ ಮುಂದೆ, ಕದ್ದ ತಾಕು ಬಿಟ್ಟು ಲೆಕ್ಕ ಹಾಕಿದರೂ ಮುಂದೆ. ಅದೂ ಅದೇ ಕಾಗದದಲ್ಲಿ ಅಚ್ಚಾಗಿ ಬಂತು. ಕೇಳದಿದ್ದರೆ ಬರ್ತಿರಲಿಲ್ಲ. ಕಂಪ್ಯೂಟರಿಗೆ ಎತ್ತು ಎಮ್ಮೆ ಗೊತ್ತಿಲ್ಲ. ತಕ್ಕಡಿಗೆ ಏನು ಹಾಕಬೇಕು ಅಂತ ಹೇಳೋ ಹಕ್ಕು ನಮ್ಮದು, ಅದನ್ನು ಬಿಟ್ಟುಕೊಡಬಾರದು. ತಕ್ಕಡಿಯಲ್ಲಿ ಕೈ ಒತ್ತೋ ಹಕ್ಕು ಮಾತ್ರ ಯಾರಿಗೂ ಇಲ್ಲ. ಅವತ್ತಿನಿಂದ ನಾನು ಹೊಸ ತಳಿಯನ್ನೂ ಹಾಕ್ತೀನಿ, ಅವ್ವನ ರಾಗಿಯನ್ನೂ ಅರ್ಧ ಎಕರೆ ಬಿಡದೆ ಹಾಕ್ತೀನಿ.

ಈಗ ಕಾಲ ಬದಲಾಗಿದೆ. ನ್ಯೂಜಿಲೆಂಡಿನ ರಾಸ್ ಇಹಾಕ, ರಾಬರ್ಟ್ ಜೆಂಟಲ್‌ಮನ್ ಅನ್ನೋ ಇಬ್ಬರು ಮೇಷ್ಟ್ರು 1990ರ ದಶಕದಲ್ಲಿ ಆರ್ ಅಂತ ಒಂದು ಪ್ರೋಗ್ರಾಂ ಮಾಡಿ ಜಗತ್ತಿಗೆ ಪುಕ್ಕಟೆ ಬಿಟ್ಟಿದ್ದಾರೆ. ಒಂದು ಕಾಲಕ್ಕೆ ಬೀರುಗಳ ಸಾಲೇ ಬೇಕಾಗಿದ್ದ ಲೆಕ್ಕವನ್ನು ನಮ್ಮ ಮೊಮ್ಮಗಳು ಕಾಲೇಜಿನ ಲ್ಯಾಪ್‌ಟಾಪಿನಲ್ಲಿ ಎರಡು ಸಾಲು ಬರೆದು ತೆಗೆದು ತೋರಿಸಿದಳು. ಮೇಲೆ ಬರೆದ ಹನ್ನೊಂದು ಅಂಕಿ ಕೊಟ್ಟೆ. 9 ಅಂತಲೇ ಹೇಳಿತು.

ಮೇಷ್ಟ್ರುಗಳಿಗೆ ನನ್ನದೊಂದು ಬಿನ್ನಹ. ಶಾಲೆಯ ಹಿಂದೆ ಸ್ವಲ್ಪ ಜಾಗ ಇದೆ. ಈ ಮುಂಗಾರಿಗೆ ಮಕ್ಕಳ ಕೈಲಿ ಹನ್ನೆರಡು ತಾಕು ಮಾಡಿಸಿ. ಬೀಜ ನಾನು ಕೊಡ್ತೀನಿ. ಚೀಟಿ ಮಕ್ಕಳೇ ಎತ್ತಲಿ, ತೂಕ ಮಕ್ಕಳೇ ಬರೆಯಲಿ, ಕಾಳನ್ನೂ ತೂಗಲಿ ಹುಲ್ಲನ್ನೂ ತೂಗಲಿ. ಕಳೆ ಕೀಳೋ ದಿನ ಬಂದು ಪದ ಹೇಳಿಕೊಡ್ತೀನಿ. ರಾತ್ರಿ ಹೊತ್ತು ಮಾತ್ರ ಆ ಕಡೆ ಸುಳಿಯೋದಿಲ್ಲ, ನಂಬಿ.